ಕೊರಗಪ್ಪನವರ ಕಾಲುವೆಯಾತ್ರೆ

ಅಬುಧಾಬಿಯ ಮುಸಫ್ಫಾ ಶಾಬಿಯಾದ ನಮ್ಮ ಬಿಲ್ಡಿಂಗಿನಲ್ಲಿ ಸೈಕಲ್ ಬಾರದವರು ಬೇಕಾದಷ್ಟು ಜನ ಇದ್ದರು. ಸೈಕಲ್ ಬಾರದೆಯೂ ಸೈಕಲ್ ಯಾತ್ರಿಕ ಎಂದು ಶಾಲು ಹೊದೆಸಿಕೊಂಡವರು ಮಾತ್ರ ಕೊರಗಪ್ಪನವರೊಬ್ಬರೇ. ಆ ಶಾಲನ್ನು ಅಂಗಡಿಯಿಂದ ತಂದವನು ನಾನು, ನಮ್ಮ ಕನ್ನಡ ಬಳಗದ ಕಾರ್ಯದರ್ಶಿ. ಆದ್ದರಿಂದ ಈ ವಿಷಯದಲ್ಲಿ ಬಾಯಿ ತೆರೆಯುವ ಹಕ್ಕು ನನಗೆ ಉಳಿದವರಿಗಿಂತ ಸ್ವಲ್ಪ ಹೆಚ್ಚೇ ಇದೆ.

ಕೊರಗಪ್ಪನವರು ಉಡುಪಿ ಕಡೆಯವರು, ನನ್ನ ಎದುರು ಫ್ಲ್ಯಾಟಿನವರು. ತೈಲಬಾವಿಗಳಿಗೆ ಸಾಮಾನು ಒದಗಿಸುವ ಒಂದು ಕಂಪನಿಯಲ್ಲಿ ಆಫೀಸ್ ಅಡ್ಮಿನಿಸ್ಟ್ರೇಟರ್. ಅಂದರೆ ಇಪ್ಪತ್ತು ವರ್ಷದಿಂದ ಬೆಳಿಗ್ಗೆ ಹೋಗಿ ಸಂಜೆ ಬರುತ್ತಿದ್ದರು. ನಡುವೆ ಏನು ಮಾಡುತ್ತಿದ್ದರು ಎಂಬುದು ಅವರಿಗೂ ಸರಿಯಾಗಿ ಗೊತ್ತಿರಲಿಲ್ಲ. ಅವರಿಗೆ ಗೊತ್ತಿದ್ದದ್ದು ಒಂದೇ ವಿದ್ಯೆ. ಬಾಸ್‌ಗೆ ಏನು ಇಷ್ಟವೋ ಅದು ತನಗೂ ಹುಟ್ಟಿದಾಗಿನಿಂದ ಇಷ್ಟ ಎನ್ನುವುದು. ಈಜಿಪ್ಟಿನ ಬಾಸ್ ಇದ್ದಷ್ಟು ಕಾಲ ಇವರ ಬಾಯಲ್ಲಿ ಬರೀ ಪಾರಿವಾಳ, ಏಕೆಂದರೆ ಅವನು ಪಾರಿವಾಳ ಸಾಕುತ್ತಿದ್ದ. ಆಮೇಲೆ ಬಂದ ದಿಲ್ಲಿಯ ಬಾಸ್ ಯೋಗದವನು. ಅವನೆದುರು ಶೀರ್ಷಾಸನ ಹಾಕಲು ಹೋಗಿ ತಿಂಗಳಿಡೀ ಕುತ್ತಿಗೆಗೆ ಪಟ್ಟಿ ಕಟ್ಟಿಕೊಂಡು ತಿರುಗಿದರು. ಆ ಪಟ್ಟಿಯನ್ನು ನಾನು ಕೆಲಸ ಮಾಡುವ ಫಾರ್ಮಸಿಯಿಂದಲೇ ಒಯ್ದದ್ದು.

ಎಣ್ಣೆಯ ಬೆಲೆ ನೆಲಕಚ್ಚಿದ ವರ್ಷ, ಎರಡು ಸಾವಿರದ ಹದಿನೈದರ ಕೊನೆಗೆ, ಆ ಕಂಪನಿಗೆ ಡಂಕನ್ ಎಂಬ ಸ್ಕಾಟ್ಲೆಂಡಿನವನು ಹೊಸ ಜನರಲ್ ಮ್ಯಾನೇಜರಾಗಿ ಬಂದ. ಜನರನ್ನು ಕಡಿಮೆ ಮಾಡಲಿಕ್ಕೇ ಅವನನ್ನು ಕಳಿಸಿದ್ದಾರೆ ಎಂಬ ಸುದ್ದಿ ಅವನಿಗಿಂತ ಮುಂಚೆ ಬಂದಿತ್ತು. ಅಡ್ಮಿನ್ ವಿಭಾಗದಲ್ಲಿ ಇದ್ದವರು ಇಬ್ಬರೇ, ಕೊರಗಪ್ಪನವರು ಮತ್ತು ಮಂಗಳೂರಿನ ಯುಜಿನ್. ಇಬ್ಬರಲ್ಲಿ ಒಬ್ಬ ಹೋಗಬೇಕು. ಕೆಲಸ ಹೋದರೆ ವೀಸಾ ಹೋಯಿತು, ವೀಸಾ ಹೋದರೆ ಮನೆ ಹೋಯಿತು; ಹೆಂಡತಿ ಲೋಲಾಕ್ಷಿಯನ್ನೂ ಮಗಳು ಯಶ್ಮಿತಾಳನ್ನೂ ಕಟ್ಟಿಕೊಂಡು ವಿಮಾನ ಹತ್ತಬೇಕು. ಯಶ್ಮಿತಾ ಹತ್ತನೇ ಕ್ಲಾಸು, ಮಾರ್ಚಿನಲ್ಲಿ ಪರೀಕ್ಷೆ.

ಈ ಸಂಕಟದಲ್ಲಿ ಯುಜಿನ್ ಏನು ಮಾಡಿದ ಎಂದರೆ, ತನ್ನ ಕೆಲಸ ಮಾಡಿದ. ಅಷ್ಟು ಕಲ್ಪನಾಶಕ್ತಿ ಇಲ್ಲದ ಮನುಷ್ಯ ಅವನು. ಕೊರಗಪ್ಪನವರು ಹಾಗಲ್ಲ. ಅವರು ಹೊಸ ಬಾಸ್‌ನ ಕ್ಯಾಬಿನ್ನಿಗೆ ಸಹಿ ಹಾಕಿಸುವ ನೆಪದಲ್ಲಿ ಹೋಗಿ ಗೋಡೆಯನ್ನು ನೋಡಿ ಬಂದರು. ಗೋಡೆಯ ಮೇಲೆ ಒಂದು ದೊಡ್ಡ ಫೋಟೋ ಇತ್ತು. ಸಣ್ಣದೊಂದು ಕಾಲುವೆ, ಅದರ ದಂಡೆಯಲ್ಲಿ ಕಾಲುದಾರಿ, ದೂರದಲ್ಲಿ ಮಂಜು ಕವಿದ ಸರೋವರ, ಮುಂದೆ ಬೇಲಿಗೆ ಒರಗಿಸಿದ ಒಂದು ಸೈಕಲ್. ಮಾರನೇ ದಿನ ಮತ್ತೊಂದು ಸಹಿಗೆ ಹೋದವರು ಫೋಟೋದ ಮುಂದೆ ನಿಂತು, ಗರ್ಭಗುಡಿಯ ಮುಂದೆ ನಿಂತವರ ಹಾಗೆ ಕಣ್ಣು ಮುಚ್ಚಿದರಂತೆ. ಡಂಕನ್ ಕೇಳಿದ, ನೀನು ಸೈಕಲ್ ಹೊಡೆಯುತ್ತೀಯಾ ಎಂದು. ಕೊರಗಪ್ಪನವರು ಯೆಸ್ ಸರ್ ಎಂದರು. ಬಾಸ್‌ನ ಪ್ರಶ್ನೆ ಮುಗಿಯುವ ಮೊದಲೇ ಯೆಸ್ ಸರ್ ಎಂದು ಅವರ ಗಂಟಲಿಗೆ ಅಭ್ಯಾಸವಾಗಿಬಿಟ್ಟಿತ್ತು.

ಇದೆಲ್ಲ ನನಗೆ ತಿಳಿದದ್ದು ಯುಜಿನ್‌ನಿಂದ. ಅವನಿಗೆ ಧೂಳಿನ ಕೆಮ್ಮು. ವಾರಕ್ಕೊಮ್ಮೆ ಮಾತ್ರೆಗೆ ಬಂದು, ಗಿರಾಕಿ ಇಲ್ಲದ ಹೊತ್ತು ನೋಡಿ ಹೇಳುತ್ತಿದ್ದ.

ಡಂಕನ್ ಪ್ರತಿ ಶುಕ್ರವಾರ ಬೆಳಿಗ್ಗೆ ಅಲ್ ವತ್ಬಾದ ಸೈಕಲ್ ಟ್ರ್ಯಾಕಿಗೆ ಹೋಗುವವನು. ಬಾ, ಜೊತೆಗೆ ಹೋಗೋಣ ಎಂದು ಕೊರಗಪ್ಪನವರನ್ನು ಕರೆದ. ಬೇರೆ ಯಾರಾದರೂ ಆಗಿದ್ದರೆ ಇಲ್ಲಿಗೆ ಸೊಂಟ ನೋವು ಎಂದು ಹೇಳಿ ಬಚಾವಾಗುತ್ತಿದ್ದರು. ನಮ್ಮವರು ಅಷ್ಟು ಸುಲಭದ ಸುಳ್ಳು ಹೇಳುವವರಲ್ಲ.

“ಸರ್, ಮರುಭೂಮಿಯಲ್ಲಿ ಸುತ್ತಿದಲ್ಲೇ ಸುತ್ತುವುದು ನನ್ನಿಂದಾಗದು. ನಾನು ಟೂರಿಂಗ್ ಮನುಷ್ಯ. ನನಗೆ ಒಂದು ಬದಿ ಕಾಲುವೆ ಬೇಕು, ಇನ್ನೊಂದು ಬದಿ ಸರೋವರ ಬೇಕು. ಇಲ್ಲದಿದ್ದರೆ ನಾನು ಸೈಕಲ್ ಮುಟ್ಟುವುದೇ ಇಲ್ಲ.”

ಡಂಕನ್ ಎದ್ದು ನಿಂತು ಇವರ ಕೈ ಹಿಡಿದುಕೊಂಡನಂತೆ. ಅವನೂ ಗಲ್ಫಿಗೆ ಬಂದು ಬಹಳ ಕಾಲವಾಗಿತ್ತು. ಅವನ ಊರಿನಲ್ಲಿ ಅಂಥದೇ ಒಂದು ಕಾಲುವೆ. ಹಿಂದೆ ದೋಣಿಗಳನ್ನು ಕುದುರೆಗಳು ದಂಡೆಯ ಮೇಲಿಂದ ಎಳೆಯುತ್ತಿದ್ದ ದಾರಿಯಲ್ಲಿ ಈಗ ಸೈಕಲ್ ಹೋಗುತ್ತದೆ. ಕಾಲುವೆ ಮುಗಿದಲ್ಲಿ ಸರೋವರದ ದಡದ ಕಿರುರಸ್ತೆ ಶುರು. ಸೈಕಲ್ಲಿಗೆ ಎರಡು ಚೀಲ ಕಟ್ಟಿಕೊಂಡು, ಕತ್ತಲಾದಲ್ಲಿ ಒಂದು ಹಳ್ಳಿಯಲ್ಲಿ ತಂಗಿ, ಹೀಗೆ ವರ್ಷಗಟ್ಟಲೆ ಸುತ್ತಬೇಕು ಎಂಬುದು ಅವನ ಆಸೆ. ಎರಡು ಸಲ ರಾಜೀನಾಮೆ ಬರೆದು, ಎರಡು ಸಲವೂ ಬಾಸ್‌ನ ಬಾಗಿಲವರೆಗೆ ಹೋಗಿ, ಧೈರ್ಯ ಸಾಲದೆ ಹಿಂದೆ ಬಂದಿದ್ದನಂತೆ. ಇದನ್ನು ಹೇಳುವಾಗ ಅವನ ಕಣ್ಣಲ್ಲಿ ನೀರು ಬಂತು. ಕೊರಗಪ್ಪನವರ ಕಣ್ಣಲ್ಲೂ ಬಂತು. ಅವರಿಗೆ ಬಾಸ್‌ನ ಕಣ್ಣು ನೋಡಿಕೊಂಡು ನೀರು ತರಿಸುವುದು ಕಷ್ಟವಲ್ಲ.

ಅಲ್ಲಿಂದ ಮುಂದೆ ದಿನಾ ಸಂಜೆ ಕೊರಗಪ್ಪನವರು ಇಂಟರ್ನೆಟ್ಟಿನಲ್ಲಿ ಸ್ಕಾಟ್ಲೆಂಡಿನ ಕಾಲುವೆದಾರಿಗಳನ್ನು ಓದಿ, ಬೆಳಿಗ್ಗೆ ಬಾಸ್‌ಗೆ ಒಪ್ಪಿಸತೊಡಗಿದರು. ಯಾವ ಸೇತುವೆಯ ಹತ್ತಿರ ದಾರಿ ಎಡದಿಂದ ಬಲಕ್ಕೆ ದಾಟುತ್ತದೆ, ಯಾವ ಸರೋವರದ ಯಾವ ದಡದಲ್ಲಿ ಗಾಳಿ ಕಡಿಮೆ, ಎಲ್ಲಿಯ ಹೋಟೆಲಿನಲ್ಲಿ ಸೂಪ್ ಚೆನ್ನಾಗಿರುತ್ತದೆ, ಎಲ್ಲ ಬಾಯಿಪಾಠ. ಮಗಳು ಹತ್ತನೇ ಕ್ಲಾಸಿಗೆ ಓದುವುದಕ್ಕಿಂತ ಅಪ್ಪ ಕಾಲುವೆಗೆ ಓದುತ್ತಿದ್ದದ್ದು ಹೆಚ್ಚು.

ಓದು ಸಾಕು, ಒಂದು ಸೈಕಲ್ಲೂ ಇರಲಿ ಎಂದು ಕೊನೆಗೆ ಸೆಕೆಂಡ್ ಹ್ಯಾಂಡ್ ಸೈಕಲ್ ತಂದರು. ಜೊತೆಗೆ ಹೆಲ್ಮೆಟ್ಟು, ಮೈಗೆ ಅಂಟಿಕೊಳ್ಳುವ ಕರಿ ಚಡ್ಡಿ. ಐವತ್ತು ದಾಟಿದ, ಗಲ್ಫಿನ ಬಿರಿಯಾನಿ ಉಂಡ ದೇಹ ಆ ಚಡ್ಡಿಯಲ್ಲಿ ಹೇಗೆ ಕಾಣುತ್ತಿತ್ತು ಎಂಬುದನ್ನು ಬರೆದರೆ ಲೋಲಾಕ್ಷಿಯವರಿಗೆ ಬೇಸರವಾದೀತು. ಬಿಲ್ಡಿಂಗಿನ ವಾಚ್‌ಮನ್ ಉಸ್ಮಾನ್ ಸೀಟು ಹಿಡಿದುಕೊಂಡು ಹಿಂದೆ ಓಡುವುದು, ಇವರು ಹ್ಯಾಂಡಲ್ ಬಿಟ್ಟು ಉಸ್ಮಾನ್‌ನ ಕುತ್ತಿಗೆ ಹಿಡಿಯುವುದು, ಇಬ್ಬರೂ ಪಾರ್ಕಿಂಗಿನ ಕಸದ ಡಬ್ಬಕ್ಕೆ ಹೊಡೆಯುವುದು. ಮೂರು ಸಂಜೆ ಇದು ನಡೆಯಿತು. ನಾಲ್ಕನೆಯ ಸಂಜೆ ಉಸ್ಮಾನ್ ಕೈಮುಗಿದು, ಖಲಾಸ್ ಸಾಬ್, ನನಗೂ ಊರಲ್ಲಿ ಮಕ್ಕಳಿದ್ದಾರೆ ಎಂದ. ಅಂದಿನಿಂದ ಕೊರಗಪ್ಪನವರು ಸೈಕಲ್ ಹತ್ತುವುದನ್ನು ಬಿಟ್ಟು, ಹೆಲ್ಮೆಟ್ ಹಾಕಿಕೊಂಡು ಅದನ್ನು ತಳ್ಳಿಕೊಂಡು ಹೋಗಿ ಬರತೊಡಗಿದರು.

ಒಂದು ದಿನ ಹಾಗೆ ತಳ್ಳುತ್ತಿದ್ದಾಗ ಪೊಲೀಸ್ ಗಾಡಿ ಪಕ್ಕಕ್ಕೆ ಬಂದು ನಿಂತಿತು. ಒಳಗಿನಿಂದ ಇಳಿದ ಯುವಕ ಬಹಳ ಸಭ್ಯ. ಪಂಕ್ಚರ್ ಆಗಿದೆಯಾ ಎಂದು ಕೇಳಿದ. ಕೊರಗಪ್ಪನವರು ಯೆಸ್ ಸರ್ ಎಂದರು. ಆ ಪುಣ್ಯಾತ್ಮ ಸೈಕಲ್ಲನ್ನು ಗಾಡಿಯ ಹಿಂದೆ ಹಾಕಿಸಿ, ಇವರನ್ನು ಮುಂದೆ ಕೂರಿಸಿ, ಸೈಕಲ್ ಅಂಗಡಿಗೆ ತಲುಪಿಸಿದ್ದಲ್ಲದೆ, ಕೆಲಸ ಆಗುವವರೆಗೆ ಪಕ್ಕದಲ್ಲೇ ನಿಂತ. ಅಂಗಡಿಯವನು ಟ್ಯೂಬ್ ನೀರಿನಲ್ಲಿ ಮುಳುಗಿಸಿ ನೋಡಿ, ಗಾಳಿ ಹೋಗುತ್ತಿಲ್ಲವಲ್ಲ ಎಂದು ತಲೆ ಕೆರೆದುಕೊಂಡ. ಹಾಕಿಬಿಡು ಮಾರಾಯ ಎಂದು ಕೊರಗಪ್ಪನವರು ಕಣ್ಣಲ್ಲೇ ಬೇಡಿಕೊಂಡರು. ಹೀಗೆ ಸರಿಯಾಗಿದ್ದ ಟ್ಯೂಬಿಗೆ ತೇಪೆ ಹಾಕಿಸಿಕೊಂಡು, ಪೊಲೀಸನಿಗೆ ಶುಕ್ರನ್ ಎಂದು ಅರಬಿಯಲ್ಲಿ ಥ್ಯಾಂಕ್ಸ್ ಹೇಳಿ, ಮತ್ತೆ ತಳ್ಳಿಕೊಂಡೇ ಮನೆಗೆ ಬಂದರು. ಹತ್ತಿ ಹೋಗು ಎಂದು ಅವನು ಹೇಳಲಿಲ್ಲವಲ್ಲ ಎಂಬುದೇ ಅವರ ಸಮಾಧಾನ.

ಇಷ್ಟಕ್ಕೇ ನಿಂತಿದ್ದರೆ ನಾನು ಬರೆಯುವ ಪ್ರಮೇಯ ಇರಲಿಲ್ಲ. ಆದರೆ ಡಂಕನ್ ಒಂದು ದಿನ ತನ್ನ ಹಳೆಯ ಟೂರಿಂಗ್ ಚೀಲಗಳನ್ನು, ಹಿಂದಿನ ಚಕ್ರದ ಎರಡೂ ಬದಿಗೆ ತೂಗುಹಾಕುವಂಥವನ್ನು, ತಂದು ಕೊರಗಪ್ಪನವರಿಗೆ ಕೊಟ್ಟ. ಇದನ್ನು ಬಳಸುವ ಭಾಗ್ಯ ನನಗೆ ಬರಲಿಲ್ಲ, ನಿನಗೆ ಬರಲಿ ಎಂದ. ಚೀಲ ಮನೆಗೆ ಬಂತು. ಲೋಲಾಕ್ಷಿ ಇದೆಂತ ಎಂದು ಕೇಳಿದರು. ಬಾಸ್‌ಗೆ ಬೆಣ್ಣೆ ಹಚ್ಚಿದ್ದಕ್ಕೆ ಸಿಕ್ಕಿದ್ದು ಎಂದು ಯಾವ ಗಂಡಸು ಹೆಂಡತಿಯ ಹತ್ತಿರ ಹೇಳುತ್ತಾನೆ? ಬಹುಶಃ ಕಂಪನಿ ನನ್ನನ್ನು ಸ್ಕಾಟ್ಲೆಂಡಿಗೆ ಕಳಿಸುತ್ತದೆ, ಕಾಲುವೆ ದಂಡೆಯಲ್ಲಿ ಸೈಕಲ್ ಟೂರಿಗೆ ಎಂದುಬಿಟ್ಟರು.

“ಪಪ್ಪಾ, ಯು ಕಾಂಟ್ ಈವನ್ ರೈಡ್,” ಎಂದಳು ಯಶ್ಮಿತಾ, ಪುಸ್ತಕದಿಂದ ತಲೆ ಎತ್ತದೆ.

ಆ ಮನೆಯಲ್ಲಿ ನಿಜ ಹೇಳಿದವಳು ಅವಳೊಬ್ಬಳೇ. ಅವಳ ಮಾತನ್ನು ಕೇಳಿದವರು ಯಾರೂ ಇಲ್ಲ.

ಲೋಲಾಕ್ಷಿಯವರು ಶುಕ್ರವಾರದ ಭಜನೆಯಲ್ಲಿ ಈ ಸುದ್ದಿಯನ್ನು ಒಬ್ಬರಿಗೆ ಹೇಳಿದರು. ಮಂಗಳಾರತಿಯ ಹೊತ್ತಿಗೆ ಎಲ್ಲರಿಗೂ ಗೊತ್ತಾಗಿತ್ತು. ಗಲ್ಫಿನಲ್ಲಿ ಯಾರಾದರೂ ವಿಮಾನ ಹತ್ತುತ್ತಾರೆ ಎಂದರೆ ನಮಗೆಲ್ಲ ಮೊದಲು ನೆನಪಾಗುವುದು ಅವರ ಲಗೇಜಿನಲ್ಲಿ ಉಳಿಯಬಹುದಾದ ಜಾಗ. ಪಾರ್ಸೆಲ್‌ಗಳು ಬರತೊಡಗಿದವು. ಬಳಗದ ಅಧ್ಯಕ್ಷ ಹೊನ್ನಪ್ಪನವರ ಹೆಂಡತಿ ನೀಲಮ್ಮನವರು ಒಂದು ಹೊರೆ ಕಟಕ ರೊಟ್ಟಿ, ಶೇಂಗಾ ಚಟ್ನಿ ಹೊತ್ತುಕೊಂಡು ಬಂದರು. ಅವರ ತಂಗಿಯ ಮಗಳು ಸೃಷ್ಟಿ ಗ್ಲಾಸ್ಗೋದಲ್ಲಿ ಓದುತ್ತಿದ್ದಳು.

“ಹೆಂಗೂ ಸೈಕಲ್ ಮ್ಯಾಲೆ ಹೊಂಟೀರಿ ಅಣ್ಣಾವ್ರ, ಹಾದಿ ಮ್ಯಾಲೇ ಆಕಿ ಮನಿ. ರೊಟ್ಟಿ ಮುರೀದಂಗ ಸಾವಕಾಶ ತುಳೀರಿ.”

ಕೊರಗಪ್ಪನವರು ಆಗಲಿ ಎಂದು ತೆಗೆದಿಟ್ಟುಕೊಂಡರು. ಇನ್ಯಾರೋ ಕುಚ್ಚಲಕ್ಕಿ ತಂದರು, ಇನ್ಯಾರೋ ಒಣಮೀನು. ಡಂಕನ್‌ನ ಚೀಲಗಳು ತುಂಬಿ, ಮಲಗುವ ಕೋಣೆ ತುಂಬಿ, ಒಣಮೀನಿನ ವಾಸನೆ ಕಾರಿಡಾರಿಗೆ ಬಂತು. ಒಂದಕ್ಕೂ ಬೇಡ ಎನ್ನಲಿಲ್ಲ ಆ ಮನುಷ್ಯ.

ಹೊನ್ನಪ್ಪನವರು ಮುಸಫ್ಫಾದಲ್ಲಿ ಫ್ಯಾಬ್ರಿಕೇಶನ್ ವರ್ಕ್‌ಶಾಪ್ ಇಟ್ಟುಕೊಂಡವರು, ವಿಜಯಪುರದ ಕಡೆಯವರು. ಅವರಿಗೆ ವರ್ಷಕ್ಕೊಮ್ಮೆ ಸಂಕ್ರಾಂತಿ ಕೂಟದಲ್ಲಿ ಯಾರಿಗಾದರೂ ಸನ್ಮಾನ ಮಾಡದಿದ್ದರೆ ಎಳ್ಳುಬೆಲ್ಲ ಜೀರ್ಣವಾಗುವುದಿಲ್ಲ. ಸಾಧಕರ ಕೊರತೆ ನಮ್ಮ ಬಳಗಕ್ಕೆ ಮೊದಲಿನಿಂದಲೂ ಇದೆ. ಹಿಂದಿನ ವರ್ಷ ಏಳನೇ ಪ್ರಯತ್ನದಲ್ಲಿ ಡ್ರೈವಿಂಗ್ ಲೈಸೆನ್ಸ್ ಪಡೆದವರೊಬ್ಬರಿಗೆ ಪೇಟ ತೊಡಿಸಿದ್ದೆವು. ಈ ಸಲ ಕೊರಗಪ್ಪನವರು ಸಿಕ್ಕರು. ಮುಖ್ಯ ಅತಿಥಿಯಾಗಿ ಬಿಳಿಯನೊಬ್ಬ ಬಂದರೆ ಜನ ಸೇರುತ್ತಾರೆ ಎಂದು ಹೊನ್ನಪ್ಪನವರು ತಾವೇ ಆ ಕಂಪನಿಗೆ ಹೋಗಿ ಡಂಕನ್‌ನನ್ನು ಕರೆದು ಬಂದರು. ಹೊನ್ನಪ್ಪನವರ ಇಂಗ್ಲಿಷಿನಲ್ಲಿ ಹೋಗಿ ಬರುವುದಕ್ಕೂ ಬಿಟ್ಟು ಹೋಗುವುದಕ್ಕೂ ಅಂಥ ವ್ಯತ್ಯಾಸವಿಲ್ಲ. ನಮ್ಮ ಮನುಷ್ಯ ಎಲ್ಲ ಬಿಟ್ಟು ನಿಮ್ಮೂರ ಕಾಲುವೆಗೆ ಹೊರಟಿದ್ದಾನೆ, ಬೀಳ್ಕೊಡುಗೆ ಇಟ್ಟುಕೊಂಡಿದ್ದೇವೆ ಎಂದರಂತೆ. ಡಂಕನ್ ಗೋಡೆಯ ಫೋಟೋ ಕಡೆ ತಿರುಗಿ, ಖಂಡಿತ ಬರುತ್ತೇನೆ ಎಂದನಂತೆ.

ಮುಖ್ಯ ಅತಿಥಿಯ ಹೆಸರು ಕೇಳಿ ಕೊರಗಪ್ಪನವರು ನನ್ನ ಫಾರ್ಮಸಿಗೆ ಓಡಿ ಬಂದರು, ಕಾರ್ಯಕ್ರಮ ನಿಲ್ಲಿಸಲಿಕ್ಕಾಗುತ್ತದಾ ಎಂದರು. ಹಾಲ್ ಬುಕ್ ಆಗಿದೆ, ಬ್ಯಾನರ್ ಪ್ರಿಂಟಾಗಿದೆ ಎಂದೆ. ಸ್ವಲ್ಪ ಯೋಚಿಸಿ ಅವರೇ ಸಮಾಧಾನ ಮಾಡಿಕೊಂಡರು. ಬಾಸ್ ಬಂದು ಹಾರ ಹಾಕಿ ಹೋದ ಮೇಲೆ ತನ್ನನ್ನು ತೆಗೆಯಲು ಯಾವ ಮುಖ ಇಟ್ಟುಕೊಂಡು ತೆಗೆಯುತ್ತಾನೆ, ಹೋಗುವುದು ಯುಜಿನ್‌ನೇ ಎಂದು ಲೆಕ್ಕ ಹಾಕಿದರು. ಹೋಗುವಾಗ ಉಪಾಯ ಹೊಳೆದವರ ಹಾಗೆ ಹುಬ್ಬು ಕುಣಿಸಿದರು.

ಇಲ್ಲಿ ಒಂದು ಸಂಗತಿ ತಿಳಿದಿರಬೇಕು. ನಮ್ಮ ಬಳಗದಲ್ಲಿ ವೇದಿಕೆಯ ಮೇಲೆ ಆಡಿದ ಮಾತನ್ನು ಯಾರೂ ನಂಬುವುದಿಲ್ಲ, ನಂಬಬೇಕೆಂದು ಆಡುವವರೂ ಬಯಸುವುದಿಲ್ಲ. ಪ್ರತಿಯೊಬ್ಬ ಅಧ್ಯಕ್ಷರೂ ಅಬುಧಾಬಿಯಲ್ಲಿ ಕನ್ನಡ ಭವನ ಕಟ್ಟುತ್ತೇನೆ ಎಂದಿದ್ದಾರೆ. ಕನ್ನಡಕ್ಕಾಗಿ ಪ್ರಾಣ ಕೊಡುತ್ತೇನೆ ಎಂದ ಅಲ್ ರೀಮ್ ಐಲ್ಯಾಂಡಿನ ಡಾಕ್ಟರರು ಕನ್ನಡ ಕ್ಲಾಸಿಗೆ ಮಗನನ್ನು ಕೊಟ್ಟಿಲ್ಲ. ಚಪ್ಪಾಳೆ ಬೀಳುತ್ತದೆ, ಮೈಕ್ ಕೆಳಗಿಡುತ್ತಾರೆ, ಊಟಕ್ಕೆ ಏಳುತ್ತೇವೆ. ಇದು ನಮ್ಮಲ್ಲಿ ಹುಟ್ಟಿ ಬೆಳೆದವರಿಗೆ ಗೊತ್ತು. ಡಂಕನ್‌ಗೆ ಯಾರು ಹೇಳಬೇಕು?

ಶುಕ್ರವಾರ ಹಾಲ್ ತುಂಬಿತ್ತು. ಹೆಲ್ಮೆಟ್ ಹಾಕಿಕೊಂಡೇ ಬರಬೇಕೆಂದು ಹೊನ್ನಪ್ಪನವರ ಆಜ್ಞೆ. ಮೈಸೂರು ಪೇಟ ಅದರ ಮೇಲೆ ಕುಳಿತುಕೊಂಡಿತು. ಶಾಲು, ಹಾರ, ಹಣ್ಣಿನ ಬುಟ್ಟಿ ಎಲ್ಲ ಆಯಿತು. ಸನ್ಮಾನ ಪತ್ರವನ್ನು ನಾನು ಓದಿದೆ. ಅದರಲ್ಲಿ ಅವರನ್ನು ಜಲಮಾರ್ಗಗಳ ಜಂಗಮ ಎಂದು ಕರೆದವನೂ ನಾನೇ. ಹೊನ್ನಪ್ಪನವರು ಮೈಕ್ ಹಿಡಿದು, ನೌಕ್ರಿಗೆ ಲಾತಾ ಹೊಡದು ಹೊಂಟ ಗಂಡಸು ಇಡೀ ಎಮಿರೇಟ್ಸಿನಾಗ ಇವರೊಬ್ಬರ, ಎಲ್ಲಾರೂ ಜೋರ್ ಚಪ್ಪಾಳಿ ಹೊಡೀರಿ ಎಂದರು. ಮುಂದಿನ ಸಾಲಿನಲ್ಲಿ ಲೋಲಾಕ್ಷಿಯವರು ಜರಿ ಸೀರೆಯಲ್ಲಿ ಕುಳಿತು, ತಾವೂ ಚಪ್ಪಾಳೆ ಹೊಡೆದರು.

ಆಮೇಲೆ ಕೊರಗಪ್ಪನವರು ಉತ್ತರ ಕೊಡಲು ಎದ್ದರು. ಬಾಸ್‌ಗೆ ಕನ್ನಡ ಬಾರದು, ಬಳಗದವರು ನಂಬುವುದಿಲ್ಲ. ಹೀಗಾಗಿ ಅವರ ನಾಲಿಗೆಗೆ ಅಂದು ಲಗಾಮೇ ಇರಲಿಲ್ಲ.

“ಬಂಧುಗಳೇ, ಈ ದೇಹ ಮುಸಫ್ಫಾದಲ್ಲಿದೆ, ಆತ್ಮ ಆ ಕಾಲುವೆಯ ದಂಡೆಯಲ್ಲಿದೆ. ಈ ಕುರ್ಚಿ, ಈ ಸಂಬಳ, ಈ ವೀಸಾ ನನಗೆ ಕಾಲಿನ ಧೂಳು. ನನ್ನನ್ನು ಯಾರಾದರೂ ಈ ಕೆಲಸದಿಂದ ಬಿಡಿಸಿದರೆ, ಅವರ ಪಾದ ತೊಳೆದ ನೀರನ್ನು ತಲೆಗೆ ಹಾಕಿಕೊಂಡು ನಾಳೆಯೇ ಹೊರಟೇನು.”

ಡಂಕನ್ ನನ್ನ ಪಕ್ಕದ ಕುರ್ಚಿಯಲ್ಲಿದ್ದ. ಏನು ಹೇಳುತ್ತಿದ್ದಾನೆ ಎಂದು ನನ್ನ ಕಡೆ ಬಾಗಿ ಕೇಳಿದ. ಕಾರ್ಯದರ್ಶಿಯಾದವನು ಅತಿಥಿಗೆ ತಪ್ಪು ಮಾಹಿತಿ ಕೊಡಬಾರದು. ನಾನು ಪಾದ ತೊಳೆದ ನೀರನ್ನೂ ಬಿಡದೆ ಪೂರ್ತಿ ಅನುವಾದ ಮಾಡಿದೆ.

ಡಂಕನ್ ಕರ್ಚೀಫು ತೆಗೆದು ಮೂಗು ಒರೆಸಿಕೊಂಡ. ತನ್ನ ಸರದಿ ಬಂದಾಗ ಅವನು ಎರಡೇ ಮಾತು ಆಡಿದ. ಒಂದು ತಿಂಗಳಿಂದ ತನ್ನ ನಿದ್ದೆ ಕೆಡಿಸಿದ್ದ ಒಂದು ನಿರ್ಧಾರವನ್ನು ಈ ಮನುಷ್ಯ ಇವತ್ತು ಸುಲಭ ಮಾಡಿಕೊಟ್ಟ, ಅವನಿಗೆ ತಾನು ಋಣಿ ಎಂದ. ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು.

ಊಟದ ಸಾಲಿನಲ್ಲಿ ಕೊರಗಪ್ಪನವರ ಮುಖ ನೋಡಬೇಕಿತ್ತು. ಪೇಟ ಇನ್ನೂ ತಲೆಯ ಮೇಲೇ ಇತ್ತು. ಮಜ್ಜಿಗೆ ಹುಳಿಗೆ ನಿಂತಿದ್ದ ಯುಜಿನ್‌ನ ಬೆನ್ನು ತಟ್ಟಿ, ಬೇಸರ ಮಾಡಬೇಡ ಮಾರಾಯ, ಊರಿಗೆ ಹೋದರೂ ಏನಾದರೂ ಒಂದು ಆಗುತ್ತದೆ, ದೇವರಿದ್ದಾನೆ ಎಂದರು. ಯುಜಿನ್ ಪಾಪ ಊಟ ಅರ್ಧಕ್ಕೇ ಬಿಟ್ಟು ಮನೆಗೆ ಹೋದ.

ಭಾನುವಾರ ಆಫೀಸು ತೆರೆದ ಕೂಡಲೇ ಡಂಕನ್ ಕೊರಗಪ್ಪನವರನ್ನು ಕರೆಸಿ ಅಪ್ಪಿಕೊಂಡ. ಉಳಿದವರೆಲ್ಲ ನನ್ನ ಮುಂದೆ ಅತ್ತರು, ಕೆಲಸ ತೆಗೆಯಬೇಡಿ ಎಂದು ಬೇಡಿದರು, ನೀನೊಬ್ಬನೇ ನನಗೆ ಇದನ್ನು ಹಗುರ ಮಾಡಿದೆ ಎಂದ. ಒಂದು ತಿಂಗಳ ನೋಟಿಸ್ ಎಂದು ಪತ್ರ ಕೊಟ್ಟ. ಕೊರಗಪ್ಪನವರು ಅಭ್ಯಾಸಬಲದಿಂದ ಥ್ಯಾಂಕ್ಯೂ ಸರ್ ಎಂದು ಹೊರಗೆ ಬಂದು, ಕಾರಿಡಾರಿನ ವಾಟರ್ ಕೂಲರ್ ಹತ್ತಿರ ನಿಂತು ಪತ್ರವನ್ನು ಮತ್ತೆ ಮೊದಲಿನಿಂದ ಓದಿದರು.

ಆ ಸಂಜೆ ಎದುರು ಫ್ಲ್ಯಾಟಿನ ಅಳು ನಮ್ಮ ಮನೆಗೆ ಕೇಳುತ್ತಿತ್ತು. ನಾನು ಹೋದೆ. ಪಾರ್ಸೆಲ್‌ಗಳ ನಡುವೆ ಜಾಗ ಮಾಡಿಕೊಂಡು ಕೊರಗಪ್ಪನವರು ನೆಲದ ಮೇಲೆ ಕುಳಿತಿದ್ದರು. ಮಗಳು ಒಳಗಿನ ಕೋಣೆಯ ಬಾಗಿಲು ಹಾಕಿಕೊಂಡಿದ್ದಳು. ಲೋಲಾಕ್ಷಿಯವರು ಕಣ್ಣೊರೆಸಿಕೊಂಡು ಗಂಡನ ಮುಂದೆ ನಿಂತಿದ್ದರು.

“ನಾಳೆ ಹೋಗಿ ಅವರ ಹತ್ರ ನಿಜ ಹೇಳಿ. ಸೈಕಲ್ ಬರುದಿಲ್ಲ, ಕಾಲುವೆ ಬೇಡ, ಎಲ್ಲ ಸುಳ್ಳು ಅಂತ ಹೇಳಿ. ನಾಚಿಕೆ ಆಮೇಲೆ ಮಾಡುವ ಮಾರಾಯ್ರೆ. ಮಗಳ ಪರೀಕ್ಷೆ ಉಂಟು.”

ಆ ಹೆಂಗಸಿನ ಬಗ್ಗೆ ನನಗೆ ನಿಜವಾಗಿ ಮರುಕವಾಯಿತು. ಅವರ ಗಂಡನ ಬಗ್ಗೆ ಇವತ್ತಿಗೂ ಆಗಿಲ್ಲ.

ಮಾರನೇ ದಿನ ಕೊರಗಪ್ಪನವರು ಹೋದರು. ಅವತ್ತು ಯಾವ ಮುಚ್ಚುಮರೆಯೂ ಇಲ್ಲದೆ ಎಲ್ಲ ಹೇಳಿದರಂತೆ. ತನಗೆ ಸೈಕಲ್ ಹತ್ತಲಿಕ್ಕೇ ಬಾರದು, ಕಾಲುವೆ ಸರೋವರ ಎಲ್ಲ ಇಂಟರ್ನೆಟ್ಟಿನಲ್ಲಿ ಓದಿದ್ದು, ಕೆಲಸ ಉಳಿಸಿಕೊಳ್ಳಲು ಆಡಿದ ನಾಟಕ, ತನಗೆ ಬೇಕಾದದ್ದು ಈ ಕುರ್ಚಿ ಮಾತ್ರ ಎಂದು ಬಿಕ್ಕಿಬಿಕ್ಕಿ ಅತ್ತರಂತೆ. ಬಾಸ್ ಎದುರು ಅವರು ಅಲ್ಲಿಯವರೆಗೆ ಆಡಿದ್ದ ಮಾತುಗಳಲ್ಲಿ ನಿಜವಾದದ್ದು ಅದೊಂದೇ ಇರಬೇಕು.

ಡಂಕನ್ ಎದ್ದು ಬಂದು, ಅವರ ಹೆಗಲ ಮೇಲೆ ಕೈ ಇಟ್ಟ.

“ನನಗೆ ಗೊತ್ತು. ಬಾಗಿಲವರೆಗೆ ಬಂದಾಗ ಹೀಗೇ ಆಗುತ್ತದೆ. ನಾನೂ ಎರಡು ಸಲ ಇದೇ ಮಾತು ಹೇಳಿಕೊಂಡು ಹಿಂದೆ ತಿರುಗಿದವನು. ನಿನ್ನನ್ನು ಮಾತ್ರ ತಿರುಗಲು ಬಿಡುವುದಿಲ್ಲ.”

ಅಷ್ಟು ಹೇಳಿ ಫೋನ್ ಎತ್ತಿ ಯುಜಿನ್‌ನನ್ನು ಒಳಗೆ ಕರೆದ. ಇವನ ಧೈರ್ಯ ಕುಸಿಯುತ್ತಿದೆ, ತಿಂಗಳು ಕಾದರೆ ಪೂರ್ತಿ ಕುಸಿಯುತ್ತದೆ, ನೋಟಿಸಿನ ಸಂಬಳ ಕೊಟ್ಟು ಈ ವಾರದಲ್ಲೇ ವೀಸಾ ಕ್ಯಾನ್ಸಲ್ ಮಾಡಿಸಿಬಿಡು ಎಂದ. ಯುಜಿನ್ ಕೊರಗಪ್ಪನವರ ಮುಖ ನೋಡಲಿಲ್ಲ. ಪಾಸ್‌ಪೋರ್ಟ್ ಇಸಿದುಕೊಂಡು, ಬುಧವಾರ ಮಧ್ಯಾಹ್ನದೊಳಗೆ ಆ ಕೆಲಸ ಮುಗಿಸಿ, ಬರುವ ದಾರಿಯಲ್ಲಿ ನನ್ನಲ್ಲಿಗೆ ಬಂದು ಕೆಮ್ಮಿನ ಮಾತ್ರೆ ತೆಗೆದುಕೊಂಡು ಹೋದ.